ಹಗ್ಗದಾಚೆಗೆ ಕೇಳದ ಮದ್ದಳೆ

ತಗಡಿನ ಹಾರ್ನು ಹೆಗಲಿಗೆ ಕಟ್ಟಿಕೊಂಡು ಮರ ಹತ್ತಿ ಇಳಿದು ಚೌಡನ ಎಡಹೆಗಲ ಗಾಯ ಆರು ವರ್ಷದಿಂದ ಮಾಯ್ದಿರಲಿಲ್ಲ. ಒಣಗಿ ಹಕ್ಕಳೆ ಕಟ್ಟುವಷ್ಟರಲ್ಲಿ ಇನ್ನೊಂದು ಮದುವೆ, ಇನ್ನೊಂದು ಭಾಷಣ, ಇನ್ನೊಂದು ತಾಳಮದ್ದಳೆ. ಶಿರಸಿಯ ಅಂದಾನಪ್ಪನ ಮೈಕಿನ ಅಂಗಡಿಯಲ್ಲಿ ಅವನ ಕೆಲಸ ಅಷ್ಟೇ. ಹೊರುವುದು, ಹತ್ತುವುದು, ಕಟ್ಟುವುದು, ಬಿಚ್ಚುವುದು. ಬ್ಯಾಟರಿಯ ಆಸಿಡ್ ಚೆಲ್ಲಿ ಅವನಿಗಿದ್ದ ಎರಡು ಅಂಗಿಯೂ ಹೊಟ್ಟೆಯ ಹತ್ತಿರ ಜರಡಿಯಾಗಿದ್ದವು.

ದನಿ ಹೆಚ್ಚಿಸುವ ಮಶಿನ್ ಮಾತ್ರ ಮುಟ್ಟುವಂತಿರಲಿಲ್ಲ. ಮಶಿನ್ನಿನ ಮುಂದಿನ ಕುರ್ಚಿ ಸಾಹುಕಾರ ಅಂದಾನಪ್ಪನ ಅಳಿಯ ವೀರಪ್ಪನದು. ವೀರಪ್ಪನಿಗೆ ಎರಡು ಗುಂಡಿ ತಿರುಗಿಸಲು ಬರುತ್ತಿತ್ತು. ಒಂದು ಜೋರು ಮಾಡುವುದು, ಇನ್ನೊಂದು ಇನ್ನೂ ಜೋರು ಮಾಡುವುದು. ಅಷ್ಟು ವಿದ್ಯೆಗೆ ಅವನಿಗೆ ಕುರ್ಚಿ, ಕಾಫಿ, ಊಟದಲ್ಲಿ ಮೊದಲ ಪಂಕ್ತಿ. ಕೂಗಾಡುವ ಹಾರ್ನಿನ ತಂತಿಯನ್ನು ಮರದ ಮೇಲೆ ಹಲ್ಲಿನಲ್ಲಿ ಕಚ್ಚಿ ಸರಿಮಾಡುತ್ತಿದ್ದ ಚೌಡನಿಗೆ ಕೊನೆಯ ಪಂಕ್ತಿ, ಅದೂ ಉಳಿದರೆ.

ಚೌಡ ಸಿದ್ದಾಪುರದ ಕಡೆಯ ಮನ್ಮನೆಯವನು. ಅಪ್ಪನ ಕಾಲದಿಂದ ವೆಂಕಟ್ರಮಣ ಹೆಗಡೆಯವರ ಗೇಣಿ ಒಕ್ಕಲು. ಹೆಗಡೆಯವರ ಅಂಗಳದಲ್ಲಿ ತಾಳಮದ್ದಳೆಯಾದರೆ ಅಡ್ಡಲಾಗಿ ಒಂದು ಹಗ್ಗ ಕಟ್ಟುತ್ತಿದ್ದರು. ಹಗ್ಗದ ಈಚೆ ಕುರ್ಚಿ, ಜಮಖಾನ. ಆಚೆ ಒಕ್ಕಲುಗಳು, ಆಳುಗಳು, ನಿಂತುಕೊಂಡೇ. ದಾಟಬಾರದೆಂದು ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯ ಬಿದ್ದಿರಲಿಲ್ಲ. ಮೈಕು ಬಂದ ಮೇಲೆ ಭಾಗವತರ ಪದ ಆಚೆಗೂ ಕೇಳತೊಡಗಿತು, ನೆಗಡಿ ಹಿಡಿದ ಮೂಗಿನಿಂದ ಹಾಡಿದ ಹಾಗೆ. ಮದ್ದಳೆಯದು ಮಾತ್ರ ಬರೀ ಟಕಟಕ. ಎಡಗೈ ಬಿದ್ದಾಗ ಎದೆಯೊಳಗೆ ಗುಂ ಎನ್ನುವ ಆ ತುಂಬಿದ ದನಿ ಹಗ್ಗದವರೆಗೂ ಬಾರದೆ ಕುರ್ಚಿಯವರ ಕಾಲಬುಡದಲ್ಲೇ ಸಾಯುತ್ತಿತ್ತು.

ಚೌಡನ ತಲೆಯೊಳಗೆ ಈ ಒಂದು ವಿಷಯ ಹೊಕ್ಕು ಕೂತಿತ್ತು. ಹಿಂದೆ ನಿಂತವರಿಗೆ ಮದ್ದಳೆ ಕೇಳಿಸಬೇಕು. ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಮದ್ದಳೆ ಯಾಕೆ ಎಂದು ಕೇಳುವವರಿಗೆ ಹೊಟ್ಟೆ ತುಂಬಿರುತ್ತದೆ, ಅಂಥವರಿಗೆ ಉತ್ತರ ಕೊಡುವ ಕೆಲಸ ಯಾರಿಗೂ ಬೇಡ.

ಜಿಲ್ಲೆ ಮುಂಬಯಿ ಸರ್ಕಾರದಿಂದ ಮೈಸೂರಿಗೆ ಸೇರಿ ಏಳು ವರ್ಷವಾಗಿತ್ತು. ಆ ಬೇಸಿಗೆಯಲ್ಲಿ ಯಲ್ಲಾಪುರದಲ್ಲಿ ಬಿಡಾರ ಹೂಡಿದ್ದ ಒಂದು ಟೂರಿಂಗ್ ಟಾಕೀಸು ಮುಚ್ಚಿಹೋಯಿತು. ಡೇರೆ ಬಿಚ್ಚಿ ಲಾರಿಗೆ ಹೇರಲು ಚೌಡ ನಾಲ್ಕು ದಿನ ಹೋದ. ಕೊನೆಯ ದಿನ ಅಲ್ಲಿನ ಆಪರೇಟರ್ ಮಧುಕೇಶ್ವರ ಒಂದು ಹಳೆಯ ಸ್ಪೀಕರು ತಂದು ಅವನ ಮುಂದಿಟ್ಟ. ಅಗಲ ಹನ್ನೆರಡೇ ಇಂಚು. ಎತ್ತಲು ಹೋದರೆ ಬೀಸುಕಲ್ಲಿನಷ್ಟು ಭಾರ.

“ಕೂಲಿ ಕೊಡಾಕ ನಮ್ಮ ಮಾಲಕರ ಹತ್ರ ಏನೂ ಉಳಿದಿಲ್ಲಪ್ಪಾ. ಇದನ್ನ ಒಯ್ಯಿ.”

“ಇದು ಸಣ್ಣದಲ್ವ?”

“ಅಗಲ ನೋಡಿ ಸ್ಪೀಕರ್ ಆರಿಸೋರು ದಡ್ಡರು. ಹಿಂದಿನ ಮ್ಯಾಗ್ನೆಟ್ ನೋಡು, ಎಷ್ಟು ದೊಡ್ಡದೈತಿ. ಈಗ ಹಾಳಿ ಮ್ಯಾಲ ನಾಕೂ ಬೆರಳು ಸಮ ಇಟ್ಟು ಒತ್ತು.”

ಚೌಡ ಒತ್ತಿದ. ಕಪ್ಪು ಕಾಗದದ ಹಾಳೆ ಕೂದಲೆಳೆಯಷ್ಟು ಒಳಗೆ ಹೋಗಿ ತಟ್ಟನೆ ಹಿಂದಕ್ಕೆ ಬಂತು.

“ಬಿಗಿ ಅದೆ.”

“ಕಹಳಿ ಆಕಾರದ ಪೆಟ್ಟಿಗಿ ಮಾಡಿ ಅದರ ಗಂಟಲಿಗೆ ಸ್ಪೀಕರ್ ಕೂಡಿಸಿದ್ರ ಒಳಗಿನ ಗಾಳಿ ಹಾಳಿನ್ನ ಹಿಂದಕ್ಕ ಒತ್ತತೈತಿ. ಮೆತ್ತಗಿದ್ರ ಹರದು ಹೋಗತೈತಿ. ಬಿಗಿ ಹಾಳಿ, ದೊಡ್ಡ ಮ್ಯಾಗ್ನೆಟ್. ಇದಿಷ್ಟು ನೆನಪಿಡು. ನಿಮ್ಮ ಸಣ್ಣ ಮಶಿನ್ನಿಗೂ ಊರೆಲ್ಲ ಕೇಳೋ ದನಿ ಬರತೈತಿ.”

ಚೌಡ ಆ ಸ್ಪೀಕರನ್ನು ಗೋಣಿಯಲ್ಲಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಶಿರಸಿಗೆ ಬಂದ.

ಅಂಗಡಿಯ ಹಿಂದೆ ಒಂದು ಮಾಡಿನ ಕೆಳಗೆ ಅವನೂ ಹೆಂಡತಿ ನಾಗಿಯೂ ಇದ್ದರು. ಮದುವೆಗೆ ಮುಂಚೆ ಅವನು ಎಕ್ಕಂಬಿಯಲ್ಲಿ ಮರ ಕೊಯ್ಯುವವರ ಜೊತೆ ಎರಡು ಮಳೆಗಾಲ ಕಳೆದಿದ್ದ, ಗರಗಸ ಉಳಿ ಕೈಗೆ ಹತ್ತಿತ್ತು. ಮೊದಲ ಪೆಟ್ಟಿಗೆಯನ್ನು ಹಲಸಿನ ಮರದಲ್ಲಿ ಮಾಡಿದ. ಬೇರೆ ಏನು ಮಾಡಿಯಾನು? ಮದ್ದಳೆಗೆ ಹಲಸು, ವೀಣೆಗೆ ಹಲಸು, ದನಿಗೆ ಹಲಸು ಎಂದು ಹುಟ್ಟಿದಾಗಿನಿಂದ ಕೇಳಿದವನು. ಒಂದು ತಿಂಗಳು ಕೆತ್ತಿ, ನುಣುಪು ಮಾಡಿ, ಸ್ಪೀಕರು ಕೂಡಿಸಿ, ವೀರಪ್ಪ ಊಟಕ್ಕೆ ಹೋದಾಗ ತಂತಿ ಸಿಕ್ಕಿಸಿ ನೋಡಿದ. ಪೆಟ್ಟಿಗೆ ಗೊರಗೊರ ಎಂದಿತು. ಗ್ರಾಮಫೋನ್ ಪ್ಲೇಟಿನಲ್ಲಿ ಹಾಡುವವನು ಒಂದು ಹಾಡಿದರೆ ಪೆಟ್ಟಿಗೆ ತನ್ನದೇ ಇನ್ನೊಂದು ಹಾಡುತ್ತಿತ್ತು.

ನಾಗಿ ಹಲಗೆಯ ಮೇಲೆ ಅಂಗೈ ಇಟ್ಟಳು. “ಜುಂ ಅಂತದೆ. ಮರವೇ ಕುಣಿತದೆ ಇದು.”

“ಮದ್ದಳೆ ಕುಣೀಬೇಕು. ಇದು ಕುಣೀಬಾರ್ದು,” ಎಂದ ಚೌಡ. ಹೇಳಿದ ಮೇಲೆ ಅವನಿಗೇ ಹೊಳೆದದ್ದು. ತಿಂಗಳ ಬೆವರನ್ನು ಒಡೆದು ಒಲೆಗೆ ಹಾಕಿದರು. ಆ ವಾರವೆಲ್ಲ ನಾಗಿ ವೀಣೆಯ ಮರದಲ್ಲಿ ಗಂಜಿ ಬೇಯಿಸಿದಳು.

ಎರಡನೆಯದಕ್ಕೆ ಅಂದಾನಪ್ಪನ ಹಿತ್ತಿಲಲ್ಲಿ ಮಳೆಗೆ ಬಿದ್ದಿದ್ದ ಮತ್ತಿ ಮರದ ಹಲಗೆ ಕೇಳಿದ. ಭಾರದ, ಬಾಯಿಲ್ಲದ ಮರ. ಹಲಗೆಯ ಮೇಲೆ ಹಲಗೆ ಜೋಡಿಸಿ ನಡುವೆ ಟಾರು, ಮರದ ಹೊಟ್ಟು ತುಂಬಿದ. ಟಾರು ಸಿಡಿದು ನಾಗಿಯ ಮುಂಗೈ ಸುಟ್ಟಿತು. ಒಳಗಿನ ದಾರಿ ಹೇಗೆ ಅಗಲವಾಗುತ್ತ ಹೋಗಬೇಕು ಎಂಬುದೊಂದು ತಿಳಿಯದೆ ಮತ್ತಿಘಟ್ಟಕ್ಕೆ ಹೋದ. ಅಲ್ಲಿ ದೇವರ ಮುಂದೆ ಕಹಳೆ ಊದುವ ಜಟ್ಟಪ್ಪನ ಹಿತ್ತಾಳೆ ಕಹಳೆಗೆ ಗೇಣಿಗೊಂದರಂತೆ ಬಾಳೆನಾರು ಸುತ್ತಿ ಅಳತೆ ತಂದ. ಶುರುವಿನಲ್ಲಿ ನಿಧಾನಕ್ಕೆ ಹಿಗ್ಗುತ್ತ, ಬಾಯಿಯ ಹತ್ತಿರ ಒಮ್ಮೆಲೇ ಅರಳುತ್ತಿತ್ತು. ಅದೇ ಲೆಕ್ಕದಲ್ಲಿ ಐದು ಮೊಳದ ದಾರಿಯನ್ನು ಎದೆಯೆತ್ತರದ ಪೆಟ್ಟಿಗೆಯೊಳಗೆ ಮೂರು ಕಡೆ ಮಡಚಿ ಕೂರಿಸಿದ. ಹೊರಗಿನಿಂದ ನೋಡಿದವರಿಗೆ ಅದು ಭತ್ತ ತುಂಬಿಡುವ ಪಣತ, ಅದಕ್ಕೊಂದು ದೊಡ್ಡ ಬಾಯಿ. ಒಳಗಿನದು ಅವನಿಗೂ ನಾಗಿಗೂ ಮಾತ್ರ ಗೊತ್ತು.

ಹಲಗೆ ಕೊಡುವ ದಿನ ಅಂದಾನಪ್ಪ ನಕ್ಕಿದ್ದ.

“ಮರ ಹತ್ತಾವ ಇಂಜಿನೇರ ಆದ್ಯೇನೋ? ತಗೋ. ಹೆಂಗೂ ಗೆದ್ದಲ ತಿನ್ನೋದು, ನೀನರ ತಿನ್ನು.”

“ಸಾವ್ಕಾರ್ರೆ, ಪೆಟ್ಟಿಗೆ ದನಿ ಕೊಟ್ರೆ ನಂಗೆ ಮಶಿನ್ ಮುಂದೆ ಕೂರಕ್ಕೆ ಬಿಡ್ಬೇಕು.”

“ಕುಂದ್ರು. ದನಿ ಕೊಡ್ಲಿ, ಮುಂದಿನ ಕಾರ್ಯಕ್ರಮಕ್ಕ ಆ ಕುರ್ಚಿ ನಿಂದ. ಪೊಲೀಸ್ ಪರವಾನಗಿ ಕಾಗದದಾಗೂ ಆಪರೇಟರ್ ಅಂತ ನಿನ್ನ ಹೆಸರ ಬರಸ್ತೀನಿ. ಅಂದಾನಪ್ಪ ಮಾತು ಕೊಟ್ರ ಕೊಟ್ಟಂಗ.”

ಆಗುವುದಿಲ್ಲವೆಂದು ಗೊತ್ತಿದ್ದವನು ಕೊಡುವ ಮಾತು ಯಾವಾಗಲೂ ಹೀಗೆ ಧಾರಾಳವಾಗಿರುತ್ತದೆ.

ಆದರೆ ಆಯಿತು. ಪೆಟ್ಟಿಗೆಯನ್ನು ನೆಲದ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಇಟ್ಟು ಪ್ಲೇಟು ಹಾಕಿದಾಗ ಅಂಗಡಿಯ ಗಾಜಿನ ಬೀರು ಗಡಗಡ ನಡುಗಿತು. ಬೀದಿಯ ಆಚೆ ಬದಿಯ ಟೇಲರು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದ. ಅಂದಾನಪ್ಪ ಬಾಯಲ್ಲಿದ್ದ ಎಲೆ ಅಗಿಯುವುದನ್ನು ನಿಲ್ಲಿಸಿದ. ಅವನ ಕಣ್ಣಲ್ಲಿ ಅಳತೆ ಹಾಕುವ ನೋಟ ಬಂದದ್ದು ಚೌಡನಿಗೆ ಕಾಣಲಿಲ್ಲ. ಕಂಡಿದ್ದರೂ ಅಂದು ಅವನು ಅದನ್ನು ಮೆಚ್ಚುಗೆ ಎಂದೇ ತಿಳಿಯುತ್ತಿದ್ದ, ಅಷ್ಟು ಖುಷಿಯಲ್ಲಿದ್ದ ಪಾಪ.

“ಸಿದ್ದಾಪುರದಾಗ ವೆಂಕಟ್ರಮಣ ಹೆಗಡೇರ ಅಕ್ಕಿ ಗಿರಣಿ ಉದ್ಘಾಟನಾ ಐತಿ,” ಎಂದ ಅಂದಾನಪ್ಪ. “ಮಧ್ಯಾಹ್ನ ತಾಳಮದ್ದಳಿ. ಅಲ್ಲಿಗೇ ಒಯ್ಯೋಣ.”

“ಕುರ್ಚಿ?”

“ಕೊಟ್ಟೇನಲ್ಲೋ ಮಾತು.”

ಗಿರಣಿಯ ಅಂಗಳ ಕಿಕ್ಕಿರಿದಿತ್ತು. ಹೆಗಡೆಯವರ ಕಡೆಯ ಕಾರ್ಯಕ್ರಮವೆಂದ ಮೇಲೆ ಒಕ್ಕಲುಗಳು ಬರದೆ ಇರುವ ಹಾಗಿಲ್ಲ. ಬೆಳಗಿನಿಂದ ಚಪ್ಪರ ಹಾಕಿ, ನೀರು ಹೊತ್ತು, ಕುರ್ಚಿ ಜೋಡಿಸಿ, ಮಧ್ಯಾಹ್ನಕ್ಕೆ ಅವರೆಲ್ಲ ಹಗ್ಗದಾಚೆ ಬಿಸಿಲಲ್ಲಿ ನಿಂತಿದ್ದರು. ನಾಗಿಯೂ ಬಂದು, ಚಿಕ್ಕಮ್ಮನ ಮಗಳು ಮಂಜಿಯ ಪಕ್ಕದಲ್ಲಿ ನಿಂತಳು.

ಎಂಟು ಜನ ಹೊತ್ತು ಪೆಟ್ಟಿಗೆಯನ್ನು ವೇದಿಕೆಯ ಪಕ್ಕ ಇಳಿಸಿದರು. ಚೌಡ ಬೆಳಿಗ್ಗೆಯೇ ಮರಕ್ಕೆ ಎಂದಿನ ಹಾರ್ನುಗಳನ್ನೂ ಕಟ್ಟಿ, ತೊಳೆದ ಅಂಗಿ ಹಾಕಿದ್ದ. ಮಶಿನ್ನಿನ ಹತ್ತಿರ ಹೋದರೆ ಕುರ್ಚಿಯಲ್ಲಿ ವೀರಪ್ಪ ಕೂತಿದ್ದ. ಅವನ ಕಾಲಬಳಿ ಹುಬ್ಬಳ್ಳಿಯಿಂದ ತರಿಸಿದ ಹೊಸ ಸ್ಪೀಕರು, ಹದಿನೈದು ಇಂಚಿನದು, ಕೆಂಪು ಬಣ್ಣ ಬಳಿದು ಮಿರಮಿರ ಮಿಂಚುತ್ತಿತ್ತು.

“ಹಿಂದಿನ ಹಲಗಿ ಬಿಚ್ಚೋ,” ಎಂದ ವೀರಪ್ಪ. “ನಿನ್ನ ಹಳೇ ಡಬ್ಬಿ ತಗದು ಇದನ್ನ ಹಾಕು. ಹೆಗಡೇರ ಮುಂದ ಗುಜರಿ ಸಾಮಾನ ಹಚ್ಚಾಕಾಗಂಗಿಲ್ಲ.”

ಚೌಡ ಬಾಗಿ ಹೊಸ ಸ್ಪೀಕರಿನ ಹಾಳೆಯ ಮೇಲೆ ನಾಲ್ಕು ಬೆರಳಿಟ್ಟು ಒತ್ತಿದ. ಹಾಳೆ ಮೆತ್ತಗೆ ಒಳಗೆ ಹೋಗಿ ಸಾವಕಾಶ ಹಿಂದೆ ಬಂತು. ಹಿಂದಿನ ಮ್ಯಾಗ್ನೆಟ್ಟು ಕರಿದ ಅಂಬಡೆಯಷ್ಟು ಚಿಕ್ಕದಿತ್ತು.

“ಇದು ಆಗಲ್ಲ. ತೆರೆದ ಪೆಟ್ಟಿಗೆಗೆ ಸರಿ. ಇದ್ರಲ್ಲಿ ಹಾಕಿದ್ರೆ ಹರಿತದೆ.”

“ಹದಿನೈದು ದೊಡ್ಡದೋ, ಹನ್ನೆರಡು ದೊಡ್ಡದೋ?”

“ದೊಡ್ಡದು ಹದಿನೈದೇ. ಆದ್ರೆ...”

“ಮುಗೀತಲ್ಲ. ಹಾಕು.”

ಚೌಡ ಅಂದಾನಪ್ಪನ ಕಡೆ ನೋಡಿದ. “ಸಾವ್ಕಾರ್ರೆ, ಕುರ್ಚಿ ನಂದು ಅಂದಿದ್ರಿ.”

“ದೊಡ್ಡ ಮಂದಿ ಬಂದಾರ. ಇವತ್ತು ಸುಮ್ನಿರು,” ಎಂದ ಅಂದಾನಪ್ಪ. “ಅಂಗಿ ತುಂಬ ತೂತಾಕ್ಕೊಂಡು ಅವರ ಎದುರಿಗೆ ಕುಂದ್ರತೀಯೇನು? ಪೆಟ್ಟಿಗಿ ಹಿಂದ ಕುಂತಿರು, ಯಾರಿಗೂ ಕಾಣಬ್ಯಾಡ.”

ಚೌಡ ಹಲಗೆಗೆ ಹೊಸ ತೂತು ಕೊರೆದು ಸ್ಪೀಕರು ಬದಲಿಸಿದ. ಹನ್ನೆರಡು ಇಂಚಿನದನ್ನು ಗೋಣಿಯಲ್ಲಿ ಸುತ್ತಿ ಪಕ್ಕಕ್ಕಿಟ್ಟುಕೊಂಡು ಪೆಟ್ಟಿಗೆಯ ಹಿಂದೆ ಕುಕ್ಕರುಗಾಲಿನಲ್ಲಿ ಕೂತ. ಅವಮಾನ ಅವನಿಗೆ ಹೊಸದಲ್ಲ. ಆದರೆ ತನ್ನ ಕೈಯಾರೆ ಮಾಡಿದ್ದನ್ನು ತನ್ನ ಕೈಯಾರೆ ಕೆಡಿಸುವುದು ಹೊಸದು.

ಭಾಗವತರು ಸ್ವರ ಹಿಡಿದರು. ಮದ್ದಳೆಗಾರ ಎಡಗೈ ಎತ್ತಿ ಒಂದು ಪೆಟ್ಟು ಹಾಕಿದ. ವೀರಪ್ಪ ಎರಡೂ ಗುಂಡಿ ತಿರುಗಿಸಿದ. ಪೆಟ್ಟಿಗೆಯೊಳಗೆ ಹಳೆಯ ಸೀರೆ ಪರ್ರನೆ ಹರಿದ ಸದ್ದಾಯಿತು. ಆಮೇಲೆ ಪ್ರತಿ ಪೆಟ್ಟಿಗೂ ಬರೀ ಕೆಮ್ಮು.

ಮುಂದಿನ ಸಾಲಿನಲ್ಲಿ ನಗು ಎದ್ದಿತು. ವೆಂಕಟ್ರಮಣ ಹೆಗಡೆಯವರು ಮುಖ ಕಿವುಚಿದರು. “ಎಂತದು ಅಂದಾನಪ್ಪನವರೇ ಇದು? ಎಮ್ಮೆ ಕೆಮ್ಮಿದ ಹಾಂಗೆ.”

ಅಂದಾನಪ್ಪ ಎದ್ದುನಿಂತು ಜೋರಾಗಿ, ಎಲ್ಲರಿಗೂ ಕೇಳುವಂತೆ ಹೇಳಿದ. “ತಪ್ಪಾತ್ರಿ ಹೆಗಡೇರ. ಈ ಚೌಡ ಹಟಾ ಮಾಡಿ ಕಟ್ಟಿದ ಪೆಟ್ಟಿಗಿ ಇದು. ಬ್ಯಾಡ ಬ್ಯಾಡ ಅಂದೆ. ಕೂಲಿ ಮಾಡೋನ ಬುದ್ಧಿ ಎಲ್ಲಿ ತನಕ ಓಡೀತು ಹೇಳ್ರಿ?”

ಕೆಟ್ಟಾಗ ಪೆಟ್ಟಿಗೆ ಚೌಡನದಾಯಿತು. ಹಗ್ಗದಾಚೆ ಮನ್ಮನೆಯವರು ತಲೆ ತಗ್ಗಿಸಿದರು. ಚೌಡ ಯಾರನ್ನೂ ಕೇಳಲಿಲ್ಲ. ಹಿಂದಿನ ಹಲಗೆ ಬಿಚ್ಚಿ ಹರಿದ ಕೆಂಪು ಸ್ಪೀಕರನ್ನು ಕಿತ್ತು ವೀರಪ್ಪನ ಕಾಲಬಳಿ ಇಟ್ಟು, ಗೋಣಿ ಬಿಚ್ಚಿ ತನ್ನದನ್ನು ಕೂಡಿಸಿದ. ತಿರುಪು ಬಿಗಿ ಮಾಡಿ ಎದ್ದು ಬಂದು, ಹೆದರಿ ಎದ್ದುನಿಂತಿದ್ದ ವೀರಪ್ಪನನ್ನು ದಾಟಿ ಮಶಿನ್ನಿನ ಗುಂಡಿಯನ್ನು ಅರ್ಧಕ್ಕೆ ಇಳಿಸಿದ.

“ಈಗ ಬಾರ್ಸಿ,” ಎಂದ ಮದ್ದಳೆಗಾರನಿಗೆ.

ಗುಂ.

ಗಿರಣಿಯ ತಗಡಿನ ಮಾಡು ಅದುರಿತು. ಹಗ್ಗದಾಚೆಯ ಜನ ಒಂದು ಹೆಜ್ಜೆ ಹಿಂದೆ ಸರಿದರು, ಯಾರೋ ಎದೆಗೆ ಕೈ ಕೊಟ್ಟು ತಳ್ಳಿದ ಹಾಗೆ. ಆಮೇಲೆ ಒಬ್ಬೊಬ್ಬರೇ ಮತ್ತೆ ಹಗ್ಗದವರೆಗೆ ಬಂದರು. ಐವತ್ತು ವರ್ಷ ತಾಳಮದ್ದಳೆಗೆ ನಿಂತು ಕಾಲು ಸವೆಸಿದ ಮುದುಕನೊಬ್ಬ ತನ್ನ ಎದೆ ಮುಟ್ಟಿ ನೋಡಿಕೊಂಡ. “ಇದಾ ಮದ್ದಳೆ ಅಂದ್ರೆ?” ಎಂದ ಪಕ್ಕದವನಿಗೆ.

ಅರ್ಧ ಗಂಟೆ ಯಾರೂ ಅಲುಗಾಡಲಿಲ್ಲ. ಹೆಗಡೆಯವರು ತಮ್ಮ ಭಾವನ ಕಡೆ ಬಾಗಿ, “ಹಿಂಗೆ ಕೇಳಿದ್ದೇ ಇಲ್ಲೆ ಮಾರಾಯಾ,” ಎಂದರು. ಪ್ರಸಂಗದ ನಡುವೆ ಪದ ನಿಲ್ಲಿಸಿ ಮೈಕಿನ ಮುಂದೆ ಬಂದು ಕೇಳಿದರು. “ಭಾಳ ಚಲೋ ಆತು. ಇದನ್ನು ಕಟ್ಟಿದವರು ಯಾರು ಅಂದಾನಪ್ಪನವರೇ? ಶಾಲು ಹೊದೆಸಬೇಕು.”

ಅಂದಾನಪ್ಪ ಚೌಡನನ್ನು ನೋಡಲೂ ಇಲ್ಲ. “ನಮ್ಮ ಅಳಿಯಾರ್ರಿ. ವೀರಪ್ಪ. ಮುಂಬಯಿ ಪುಸ್ತಕ ತರಿಸಿ ಓದಿ ಮಾಡ್ಯಾನ್ರಿ.”

ವೀರಪ್ಪನಿಗೆ ಶಾಲು ಬಿತ್ತು. ಕುರ್ಚಿಯವರು ಚಪ್ಪಾಳೆ ತಟ್ಟಿದರು. ಅರ್ಧ ಗಂಟೆಯ ಹಿಂದೆ ಇದೇ ಬಾಯಿ ಇದೇ ಪೆಟ್ಟಿಗೆಯನ್ನು ಚೌಡನದೆಂದು ಬೈದದ್ದು ಅಲ್ಲಿ ಕೂತ ಒಬ್ಬರಿಗೂ ನೆನಪಾಗಲಿಲ್ಲ. ನೆನಪಾಗದಿರುವುದೂ ಒಂದು ಅನುಕೂಲ.

ಹಗ್ಗದಾಚೆಯಿಂದ ಒಂದು ಹೆಂಗಸಿನ ದನಿ ಬಂತು. ನಾಗಿಯದು.

“ಒಡೆಯಾ, ಒಂದು ಮಾತು ಕೇಳ್ಬೋದಾ? ಪೆಟ್ಟಿಗೆ ಒಳಗೆ ದಾರಿ ಎಷ್ಟು ಕಡೆ ಮಡಚ್ಕಂಡದೆ ಅಂತ ಶಾಲು ಹೊದ್ದೋರು ಹೇಳ್ಲಿ.”

ವೀರಪ್ಪ ಪೆಟ್ಟಿಗೆಯ ಬಾಯಿಯ ಕಡೆ ನೋಡಿದ. ಅಲ್ಲಿ ಕತ್ತಲೆ ಬಿಟ್ಟರೆ ಏನೂ ಕಾಣಲಿಲ್ಲ.

“ಮಡಚೋದು... ಅದ್ಯಾಕ? ಒಳಗ ಖಾಲಿ ಇರತೈತಿ,” ಎಂದ.

ಮಂಜಿ ಕಿಸಕ್ಕೆಂದು ನಕ್ಕಳು. ಅವಳ ಹಿಂದೆ ನಗು ಹಬ್ಬಿತು. ಹೆಗಡೆಯವರ ಅಂಗಳದಲ್ಲಿ ಒಕ್ಕಲುಗಳು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು. ಹೆಗಡೆಯವರ ಮುಖ ಕೆಂಪೇರಿತು.

“ಆ ಹೆಂಗಸನ್ನ ಹೊರಗೆ ಕಳಿಸಿ,” ಎಂದರು. “ಚೌಡಾ, ನಿನ್ನ ಹೆಂಡತಿಗೆ ಹೇಳು. ಹೊಲ ಯಾರದು ಅಂತ ನೆನಪಿದೆಯಲ್ಲ?”

ಅಂದಾನಪ್ಪ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದ. “ಮರ ನಂದು, ಮೊಳಿ ನಂದು, ಮಶಿನ್ ನಂದು. ಅನ್ನ ಹಾಕಿದ ಮನಿಗೆ ಮಸಿ ಬಳಿತೀಯಾ? ನಾಳಿಂದ ಅಂಗಡಿ ಕಟ್ಟಿ ಹತ್ತಬ್ಯಾಡ.”

ಚೌಡ ಪೆಟ್ಟಿಗೆಯ ಹಿಂದೆ ಹೋಗಿ ತಿರುಪು ಬಿಚ್ಚಿದ. ಮೊಳೆ ಮುಟ್ಟಲಿಲ್ಲ, ಹಲಗೆ ಮುಟ್ಟಲಿಲ್ಲ. ಸ್ಪೀಕರು ಒಂದನ್ನು ತೆಗೆದು ಎದೆಗವಚಿಕೊಂಡು ಎದ್ದ.

“ಇದು ಯಲ್ಲಾಪುರದಲ್ಲಿ ನಾಕು ದಿನ ಹೊತ್ತಿದ್ದಕ್ಕೆ ನಂಗೆ ಬಂದಿದ್ದು. ನಿಮ್ಮ ಮರ ನೀವೇ ಇಟ್ಕಳ್ಳಿ. ಗೆದ್ದಲಿಗೆ ಹಾಕಿ.”

“ಪೊಲೀಸರನ್ನ ಕರೀತೀನಿ.”

“ಕರೀರಿ. ಅವ್ರಿಗೂ ಕೇಳ್ತೀನಿ, ಪೆಟ್ಟಿಗೆ ಒಳಗೆ ಏನದೆ ಅಂತ ಸಾವ್ಕಾರ್ರು ಹೇಳ್ಲಿ ಅಂತ.”

ವೀರಪ್ಪ ಅಡ್ಡ ಬಂದ. ಹೆಗಲ ಮೇಲೆ ಶಾಲು, ಕಾಲಬಳಿ ಹರಿದ ಸ್ಪೀಕರು. ಚೌಡ ಅವನನ್ನು ಬಳಸಿಕೊಂಡು ಹಗ್ಗದ ಕಡೆ ನಡೆದ. ಹಿಂದೆ ಹೆಗಡೆಯವರು ಭಾಗವತರಿಗೆ ಕೈಸನ್ನೆ ಮಾಡಿದರು. ಪದ ಶುರುವಾಯಿತು. ಮರದ ಮೇಲಿನ ತಗಡಿನ ಹಾರ್ನುಗಳು ಮತ್ತೆ ಮೂಗಿನಲ್ಲಿ ಹಾಡತೊಡಗಿದವು. ಮದ್ದಳೆಗಾರ ಅದೇ ಕೈಯಿಂದ ಅದೇ ಪೆಟ್ಟು ಹಾಕುತ್ತಿದ್ದ. ಹಗ್ಗದ ಹತ್ತಿರ ಬರೀ ಟಕಟಕ.

ನಿನ್ನೆಯವರೆಗೆ ಅವರಿಗೆ ಅದೇ ಸಾಕಾಗಿತ್ತು. ಇವತ್ತು ಕೇಳಿಬಿಟ್ಟಿದ್ದರು.

“ಕೇಳ್ತಿಲ್ಲ,” ಎಂದ ಎದೆ ಮುಟ್ಟಿ ನೋಡಿಕೊಂಡಿದ್ದ ಮುದುಕ.

“ಕೇಳ್ತಿಲ್ಲ,” ಎಂದಳು ಮಂಜಿ, ಇನ್ನೂ ಗಟ್ಟಿಯಾಗಿ.

ಚೌಡ ಹಗ್ಗದ ಬಳಿ ನಿಂತ. ಆರು ವರ್ಷದಿಂದ ಅವನು ಈ ದನಿಯನ್ನು ಇಲ್ಲಿಗೆ ತರಬೇಕೆಂದು ಒದ್ದಾಡಿದ್ದ. ಹಗ್ಗ ಒಂದು ಬೆರಳು ದಪ್ಪದ ಸೆಣಬಿನದು, ಸೊಂಟದೆತ್ತರಕ್ಕೆ ಕಟ್ಟಿದ್ದು. ಅವನು ಅದನ್ನು ಕೈಯಿಂದ ಎತ್ತಿ ಹಿಡಿದ.

“ಮುಂದೆ ಕೂತ್ರೆ ಕೇಳ್ತದೆ,” ಎಂದ. “ಬನ್ನಿ.”

ಯಾರೂ ಬರಲಿಲ್ಲ. ಹೊಲ, ಗೇಣಿ, ಮುಂದಿನ ಮಳೆಗಾಲ, ಎಲ್ಲ ಒಂದೊಂದು ಮುಖದಲ್ಲೂ ಹಾದುಹೋದವು. ನಾಗಿ ತಲೆ ಬಗ್ಗಿಸದೆ ಹಗ್ಗದ ಕೆಳಗಿಂದ ಈಚೆ ಬಂದಳು. ಆಮೇಲೆ ಮುದುಕ. ಅವನಿಗೆ ಕಳೆದುಕೊಳ್ಳಲು ಉಳಿದದ್ದೇ ಕಡಿಮೆ. ಆಮೇಲೆ ಮಂಜಿ, ಅವಳ ಗಂಡ, ಬೆಳಿಗ್ಗೆ ಕುರ್ಚಿ ಜೋಡಿಸಿದವರು, ನೀರು ಹೊತ್ತವರು. ಅವರು ಕುರ್ಚಿಗಳ ನಡುವಿನಿಂದ ನಡೆದು ಮೊದಲ ಸಾಲಿಗೂ ವೇದಿಕೆಗೂ ನಡುವೆ ಖಾಲಿ ಇದ್ದ ಜಮಖಾನದ ಮೇಲೆ ಮಣ್ಣುಗಾಲಿನಲ್ಲೇ ಕೂತರು. ಹೆಗಡೆಯವರ ಮೊಣಕಾಲಿಗೆ ತಾಗಿದಂತೆ ಅವರ ಬೆನ್ನು.

“ಏಳಿ,” ಎಂದರು ಹೆಗಡೆಯವರು. “ಏಳ್ರೋ.”

ಮುದುಕ ತಿರುಗದೆ ಹೇಳಿದ. “ತಡೀರಿ ಒಡೆಯಾ. ಮದ್ದಳೆ ಕೇಳ್ಬೇಕು.”

ಭಾಗವತರು ಪದ ನಿಲ್ಲಿಸಿ ಹೆಗಡೆಯವರ ಮುಖ ನೋಡಿದರು. ಮದ್ದಳೆಗಾರನೂ ಕೈ ತಡೆದ. ಎದುರಿಗೆ ಐವತ್ತು ಅರವತ್ತು ಮುಖ, ಹಿಂದಿನಿಂದ ಇನ್ನೂ ಬರುತ್ತಲೇ ಇದ್ದವರು. ಚೌಡ ಎಲ್ಲರಿಗಿಂತ ಮುಂದೆ ಸ್ಪೀಕರನ್ನು ತೊಡೆಯ ಮೇಲಿಟ್ಟುಕೊಂಡು ಚಕ್ಕಳಮಕ್ಕಳ ಹಾಕಿ ಕೂತು ಮದ್ದಳೆಗಾರನನ್ನೇ ನೋಡುತ್ತಿದ್ದ.

“ಬಾರ್ಸಿ,” ಎಂದ.